ಜಾಯಿಂಟು ಕೂಡದ ಪೂಲ್ ಸ್ಟಿಕ್ಕು

ನಾನು ಯಾವುದಾದರೂ ವಿಷಯವನ್ನು ಕೂಲಂಕಷವಾಗಿ ತಿಳಿದುಕೊಳ್ಳಲು ಹೊರಟೆನೆಂದರೆ ಸುತ್ತಲಿನವರಿಗೆ ನಗುವುದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಈ ಸಲ ಸಿಕ್ಕಿದ್ದು ಪೂಲ್ ಆಡುವ ಕೋಲು. ನಮ್ಮ ಕಡೆ ಅದಕ್ಕೆ ಸ್ಟಿಕ್ಕು ಎನ್ನುತ್ತೇವೆ.

ಉಪ್ಪಳ ಪೇಟೆಯಲ್ಲಿ ನನ್ನದೊಂದು ಮೆಡಿಕಲ್ ಶಾಪು. ಅದರ ಮಾಳಿಗೆಯಲ್ಲಿ ಪೂಲ್ ಕ್ಲಬ್ಬು. ಎದುರಿನ ಜವಳಿ ಅಂಗಡಿ ನನ್ನ ಬಾಲ್ಯದ ಗೆಳೆಯನದು. ಅವನು ಮನೆಯಲ್ಲಿ ಬ್ಯಾರಿ ಭಾಷೆ ಆಡುತ್ತಾನೆ, ಗಿರಾಕಿಗಳ ಹತ್ತಿರ ಮಲಯಾಳ ಆಡುತ್ತಾನೆ, ನನ್ನನ್ನು ಗೇಲಿ ಮಾಡುವಾಗ ಮಾತ್ರ ಕನ್ನಡ ಬಳಸುತ್ತಾನೆ.

ಕುಂಬಳೆಯಲ್ಲಿ ನಲವತ್ತು ದಾಟಿದವರಿಗೊಂದು ಪೂಲ್ ಪಂದ್ಯ ಏರ್ಪಾಡಾಗಿತ್ತು. ನಮ್ಮ ಕ್ಲಬ್ಬಿನಿಂದ ಒಬ್ಬರಿಗೆ ಮಾತ್ರ ಅವಕಾಶ, ಗೆಳೆಯನಿಗೆ ಇಲ್ಲವೇ ನನಗೆ, ಆಯ್ಕೆಯ ಆಟದಲ್ಲಿ ಗೆದ್ದವರಿಗೆ. ಶಾಲೆಯ ಕಬಡ್ಡಿ ತಂಡದಲ್ಲಿ ನಾನು ಉಳಿದವರ ಅಂಗಿ ಕಾಯುತ್ತಿದ್ದವನು. ಒಂದು ಸಲವಾದರೂ ಆಯ್ಕೆಯಾಗಬೇಕೆಂಬ ಆಸೆ ಅಂದಿನಿಂದ ಹೊಟ್ಟೆಯೊಳಗೆ ಹಾಗೇ ಕುಳಿತಿತ್ತು. ಆದರೆ ಅವನೆದುರು ನಾನು ಸೋಲುತ್ತಲೇ ಇದ್ದೆ. ತಪ್ಪು ನನ್ನದಾಗಿರಲು ಸಾಧ್ಯವಿಲ್ಲವಾದ್ದರಿಂದ ಸ್ಟಿಕ್ಕಿನದೇ ಇರಬೇಕೆಂದು ತೀರ್ಮಾನಿಸಿದೆ.

ಬೆಂಡು

ಒಳ್ಳೆಯ ಸ್ಟಿಕ್ಕು ನೇರವಾಗಿರಬೇಕು, ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿದರೆ ಗೊತ್ತಾಗುತ್ತದೆ ಎಂದು ಎಲ್ಲಿಯೋ ಓದಿದ್ದೆ. ಕ್ಲಬ್ಬಿಗೆ ಹೋಗಿ, ಗೋಡೆಗೆ ಒರಗಿಸಿಟ್ಟ ಸ್ಟಿಕ್ಕುಗಳನ್ನು ಒಂದೊಂದಾಗಿ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿದೆ. ಎಲ್ಲವೂ ಬೆಂಡು!

"ಇಂಥ ಸ್ಟಿಕ್ಕಿನಲ್ಲಿ ಆಡಿಸಿ ನಮ್ಮ ಆಟ ಹಾಳು ಮಾಡಿದ್ದೀರಿ" ಎಂದು ಕ್ಲಬ್ಬಿನ ಮಾಲೀಕರಿಗೆ ದಬಾಯಿಸಿ, ತಲೆಯೆತ್ತಿಕೊಂಡು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲೂ ಇಲ್ಲ.

"ಹೊಸ ಕನ್ನಡಕ ಹಾಕಿಕೊಂಡು ನೋಡಿದ್ದಾ?"

"ಹೌದು."

"ಹೋದ ವಾರ ಬಾಗಿಲಿನ ದಾರಂದ ಓರೆ ಉಂಟು ಅಂತ ಆಚಾರಿಯನ್ನು ಕರೆಸಿದಿರಲ್ಲ, ಆಗಲೂ ಇದೇ ಕನ್ನಡಕವಲ್ಲವಾ?"

ಎಣ್ಣೆ

ಆದರೂ ಸ್ವಂತ ಸ್ಟಿಕ್ಕು ಬೇಕೇ ಬೇಕೆಂದು ಮಂಗಳೂರಿಗೆ ಹೋದೆ. ಅಂಗಡಿಯವನು ಎರಡು ತುಂಡಿನ ಸ್ಟಿಕ್ಕುಗಳನ್ನು ಮುಂದಿಟ್ಟ. ಹಿಂದಿನದು ಹಿಡಿ, ಮುಂದಿನದು ತೆಳ್ಳಗಿನ ತುಂಡು, ನಡುವೆ ತಿರುಗಿಸಿ ಕೂಡಿಸುವ ಜಾಯಿಂಟು. ಆ ಜಾಯಿಂಟಿನಲ್ಲಿ ಎಷ್ಟೊಂದು ಜಾತಿ! ಒಂದರಲ್ಲಿ ಮರಕ್ಕೆ ಮರವೇ ತಾಗಿ ಕೂರುತ್ತದೆ, ಇನ್ನೊಂದರ ಬಾಯಿಗೆ ಸ್ಟೀಲಿನ ಬಳೆ ಇರುತ್ತದೆ. ಕೆಲವಕ್ಕೆ ಒತ್ತೊತ್ತಾದ ಸುತ್ತಿನ ತಿರುಪು, ಕೈ ಸೋಲುವಷ್ಟು ತಿರುಗಿಸಬೇಕು. ಕೆಲವನ್ನು ತುಸು ತಿರುಗಿಸಿದರೆ ಕೂತೇ ಬಿಡುತ್ತವೆ. ಒಂದು ಜಾತಿಯದು ಇನ್ನೊಂದಕ್ಕೆ ಸುತಾರಾಂ ಕೂಡುವುದಿಲ್ಲ.

"ನಿಮಗೆ ಯಾವ ಜಾಯಿಂಟು ಬೇಕು ಸಾರ್?" ಎಂದ.

ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿ, "ಗಟ್ಟಿ ಇರುವಂಥದ್ದು" ಎಂದೆ.

ಮರಕ್ಕೆ ಮರ ಕೂರುವ ಒಂದನ್ನು ಕೊಟ್ಟ. ನಿಜಕ್ಕೂ ಗಟ್ಟಿ, ಮನೆಯಲ್ಲಿ ತಿರುಗಿಸಿ ತಿರುಗಿಸಿ ಅಂಗೈ ಕೆಂಪಾಯಿತು. ನಮ್ಮಲ್ಲಿ ತಲೆಗೂದಲಿನಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲದಕ್ಕೂ ಒಂದೇ ಔಷಧಿ. ತೆಂಗಿನೆಣ್ಣೆ ಬಿಟ್ಟೆ. ಮರುದಿನ ಕ್ಲಬ್ಬಿನಲ್ಲಿ ಬಾಲಿಗೆ ಹೊಡೆದಾಗಲೆಲ್ಲ ಜಾಯಿಂಟು ಸಡಿಲಾಗಿ ಲಟಕ್ಕೆನ್ನತೊಡಗಿತು. ಗೆಳೆಯ ಕಿವಿಗೊಟ್ಟು ಕೇಳಿದ.

"ಎಂತ ಮಾರಾಯ, ನಿನ್ನ ಸ್ಟಿಕ್ಕಿಗೂ ಮೊಣಕಾಲು ನೋವಾ? ಕೆಳಗೆ ನಿನ್ನದೇ ಅಂಗಡಿ ಉಂಟಲ್ಲ, ಮುಲಾಮು ಹಚ್ಚಬಾರದಾ?"

ಗಲ್ಫಿನ ಪೆಟ್ಟಿಗೆ

ಕೊನೆಗೆ ಗಲ್ಫಿನಲ್ಲಿರುವ ಭಾವನಿಗೆ, ಎಂದರೆ ಹೆಂಡತಿಯ ತಮ್ಮನಿಗೆ, ಅಲ್ಲಿಂದ ಒಂದು ಸ್ಟಿಕ್ಕು ಕಳಿಸೆಂದು ಫೋನ್ ಮಾಡಿದೆ. ವಿಷಯ ಹೇಗೋ ಗೆಳೆಯನಿಗೂ ತಿಳಿಯಿತು. "ನನಗೂ ಒಂದು ತರಿಸು ಮಾರಾಯ" ಎಂದ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆದರೆ ಇಬ್ಬರಿಗೂ ಒಂದೇ ಥರದ್ದು ಬಂದರೆ ನನಗೇನು ಲಾಭ? ಭಾವನಿಗೆ ಗುಟ್ಟಾಗಿ ಇನ್ನೊಂದು ಫೋನ್ ಮಾಡಿ ಬೇಕಾದದ್ದು ಹೇಳಿದೆ.

ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ತಮ್ಮ ಸಾಮಾನು ತುರುಕುವುದು ನಮ್ಮವರಿಗೆ ಹುಟ್ಟಿನಿಂದ ಬಂದ ಹಕ್ಕು. ಭಾವ ನಾಲ್ಕು ತುಂಡುಗಳನ್ನು ಶಿರಿಯದವರೊಬ್ಬರ ಪೆಟ್ಟಿಗೆಗೂ ಕುಂಬಳೆಯವರೊಬ್ಬರ ಪೆಟ್ಟಿಗೆಗೂ ಎರಡೆರಡಾಗಿ ಹಂಚಿದ. ಒಂದು ಕಟ್ಟು ನನ್ನ ಮನೆಗೆ ಬಂತು, ಇನ್ನೊಂದು ಗೆಳೆಯನ ಮನೆಗೆ ಹೋಯಿತು. ಎಲ್ಲರೆದುರು ಬಿಚ್ಚಿ ಮೆರೆಯಬೇಕೆಂದು ಆಯ್ಕೆಯ ದಿನದವರೆಗೆ ನಾನು ಅದರ ಟೇಪು ಸಹ ಕೀಳಲಿಲ್ಲ.

ಆ ಸಂಜೆ ಕ್ಲಬ್ಬು ತುಂಬಿತ್ತು. ಠೀವಿಯಿಂದ ಬಿಚ್ಚಿದೆ. ತಿರುಗಿಸಿದೆ. ಕೂಡಲಿಲ್ಲ. ಒತ್ತಿ ತಿರುಗಿಸಿದೆ. ಉಹುಂ. ಅತ್ತ ಗೆಳೆಯನೂ ತನ್ನ ಕಟ್ಟನ್ನು ಅಲ್ಲೇ ಬಿಚ್ಚಿ, ಬೆವರು ಒರೆಸಿಕೊಳ್ಳುತ್ತಾ ತಿರುಗಿಸುತ್ತಲೇ ಇದ್ದ. ನಾನು ಭಾವನಿಗೆ ಫೋನ್ ಮಾಡಿದೆ. ಕೈಯಲ್ಲಿ ಎರಡು ತುಂಡು ಇದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಜೀವನದಲ್ಲಿ ಇಷ್ಟು ದೊಡ್ಡ ತಪ್ಪು ಇನ್ನೊಂದು ಮಾಡಿದವನಲ್ಲ.

"ಅಯ್ಯೋ ಭಾವ, ತುಂಡುಗಳು ಅದಲುಬದಲು ಆಗಿರಬೇಕು" ಎಂದ ಅವನು ಅತ್ತಲಿಂದ. "ಎರಡೂ ಒಂದೇ ಜಾಯಿಂಟಿನದ್ದು ತೆಗೆದಿದ್ದರೆ ಹೇಗಿದ್ದರೂ ಕೂಡುತ್ತಿತ್ತು. ನೀವೇ ಹೇಳಿದ್ದಲ್ಲವಾ, ನನಗೆ ಒಳ್ಳೆಯ ಜಾಯಿಂಟಿನದ್ದು ಕಳಿಸು, ಆ ಜವಳಿಯವನಿಗೆ ಸಾದಾ ಸಾಕು ಅಂತ?"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅದು ಮಾಳಿಗೆ, ಬಾಯಿಬಿಟ್ಟಿದ್ದರೂ ನನ್ನ ಅಂಗಡಿಗೇ ಬೀಳುತ್ತಿದ್ದೆ.

ಗೆಳೆಯ ಮೊದಲು ನಕ್ಕ. ಆಮೇಲೆ ಇಡೀ ಕ್ಲಬ್ಬು ನಕ್ಕಿತು. ಅವನು ನಿಧಾನವಾಗಿ ನಾಲ್ಕು ತುಂಡುಗಳನ್ನು ಜೋಡಿ ಮಾಡಿ, ಸ್ಟೀಲಿನ ಬಳೆಯ ಒಳ್ಳೆಯದನ್ನು ತಾನಿಟ್ಟುಕೊಂಡು, ಸಾದಾದ್ದನ್ನು ನನ್ನ ಕೈಗೆ ಕೊಟ್ಟ. "ಇವತ್ತು ಹೀಗೆ ಆಡುವ, ಆಗದಾ?"

ಆಗದು ಎನ್ನುವ ಮುಖ ನನಗೆಲ್ಲಿತ್ತು?

ಆಟದಲ್ಲಿ ಅವನು ತನ್ನ ಬಾಲುಗಳನ್ನೆಲ್ಲ ಹಾಕಿ ಮುಗಿಸಿದ. ಉಳಿದದ್ದು ಕಪ್ಪು ಬಾಲು ಮಾತ್ರ, ಅದನ್ನು ಹಾಕಿದರೆ ಕುಂಬಳೆ ಅವನದು. ಹೊಡೆದ. ಕಪ್ಪು ಬಾಲು ಹೊಂಡಕ್ಕೆ ಬಿತ್ತು. ಅದರ ಬೆನ್ನಿಗೇ ಬಿಳಿ ಬಾಲೂ ಉರುಳಿಕೊಂಡು ಹೋಗಿ ಬಿತ್ತು. ಹಾಗಾದರೆ ಹೊಡೆದವನೇ ಸೋತ ಹಾಗೆ. ನಾನು ಗೆದ್ದೆ ಎಂದರೆ ಅಹಂಕಾರವಾದೀತು, ಆ ಹೊತ್ತಿಗೆ ನಾನು ಗೋಡೆಗೆ ಒರಗಿ ನಿಂತಿದ್ದೆ. ಆದರೂ ಆಯ್ಕೆಯಾದವನು ನಾನೇ. ಕಣ್ಣು ತುಂಬಿ ಬಂತು.

ಆ ಸಂತೋಷದಲ್ಲಿ ಗೆಳೆಯನನ್ನು ತಬ್ಬಿಕೊಂಡು, ಮೆಲ್ಲಗೆ ಕೈ ಚಾಚಿದೆ. "ಸರಿ, ಇನ್ನು ನನ್ನ ಸ್ಟಿಕ್ಕು ಕೊಡು. ಕುಂಬಳೆಗೆ ಅದನ್ನೇ ತೆಗೆದುಕೊಂಡು ಹೋಗುತ್ತೇನೆ."

ಅವನು ಒಳ್ಳೆಯ ಸ್ಟಿಕ್ಕನ್ನು ಬಿಚ್ಚಿ, ಚೀಲಕ್ಕೆ ಹಾಕಿ, ಜಿಪ್ಪು ಎಳೆದ.

"ಎಂತ ಹೇಳ್ತೀ ಮಾರಾಯ! ಇಷ್ಟು ವರ್ಷದಲ್ಲಿ ನೀನು ಗೆದ್ದದ್ದು ಸಾದಾದ್ದರಲ್ಲಿ ಮಾತ್ರ. ಈಗ ಒಳ್ಳೆಯದು ಕೊಟ್ಟು ನಿನ್ನ ಆಟ ಹಾಳು ಮಾಡಿದರೆ ಊರಿನವರು ನನ್ನನ್ನು ಬಿಡ್ತಾರಾ?"