ಹತ್ತು ನಿಮಿಷದ ಬೀಗ

ಎಲ್ಲದಕ್ಕೂ ಕಾರಣ ಒಂದು ಸೀನು.

ಕಚೇರಿಯ ಮೂಲೆಕೋಣೆಯಲ್ಲಿ ಒಂದು ಸರ್ವರ್ ಇತ್ತು. ಶಾಖೆಗಳಿಂದ ಜಾಲದೊಳಗೆ ಬರುವ ಪ್ರತಿಯೊಬ್ಬರನ್ನೂ ತಡೆದು, ಪಾಸ್‌ವರ್ಡ್ ಕೇಳಿ ಬಿಡುವುದು ಅದರ ಕೆಲಸ. ಅದನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಸೇರಿ ಬೀಗಪ್ಪ ಎಂದು ಹೆಸರಿಟ್ಟಿದ್ದರು. ಮೂರು ಸಲ ತಪ್ಪಿದರೆ ಪೂರ್ತಿ ಬಂದ್, ಹತ್ತು ನಿಮಿಷ ಕೀಲಿಮಣೆ ಮುಟ್ಟದಿದ್ದರೆ ಪರದೆ ತನ್ನಷ್ಟಕ್ಕೆ ಮುಚ್ಚಿಕೊಳ್ಳಬೇಕು. ಎಲ್ಲ ಅವನದೇ ಕಾನೂನು. ಗೋಡೆಗೂ ದಪ್ಪಕ್ಷರದಲ್ಲಿ ಅಂಟಿಸಿದ್ದ: ಪಾಸ್‌ವರ್ಡ್ ಯಾರಿಗೂ ಹೇಳಬಾರದು, ನಾನೇ ಕೇಳಿದರೂ.

ಅಂದು ನಾಲ್ಕು ಗಂಟೆಗೆ ತಪಾಸಣೆ. ಎಡವಟ್ಟಾದರೆ ನಾಳೆಯಿಂದ ಗೋದಾಮಿನಲ್ಲಿ ಪೆಟ್ಟಿಗೆ ಹೊರಬೇಕಾಗುತ್ತದೆ ಎಂದು ಮ್ಯಾನೇಜರು ನಯವಾಗಿಯೇ ಹೇಳಿದ್ದರು. ಬೀಗಪ್ಪ ಬೆಳಿಗ್ಗೆಯೇ ಹಳೆಯ ಪಾಸ್‌ವರ್ಡ್ ಕಿತ್ತೊಗೆದು, ಹದಿನಾಲ್ಕು ಅಕ್ಷರದ ಹೊಸದೊಂದನ್ನು ಹಾಕಿದ. ಎಲ್ಲೂ ಬರೆದಿಡಲಿಲ್ಲ. ಆಮೇಲೆ ಸೀನಿದ. ಅದೆಂಥ ಸೀನೋ ಏನೋ, ಹದಿನಾಲ್ಕೂ ಅಕ್ಷರ ತಲೆಯಿಂದ ಹಾರಿಹೋದವು.

ಮೂರೂವರೆಯ ಹೊತ್ತಿಗೆ ಎರಡು ಸಲ ತಪ್ಪಾಗಿತ್ತು. ಉಳಿದದ್ದು ಒಂದೇ ಅವಕಾಶ. ಕೋಣೆ ತುಂಬ ಜನ. ಹೆಂಡತಿಯ ಹೆಸರು ಹಾಕಿ ನೋಡು ಎಂದರು ಟಪಾಲು ವಿಭಾಗದ ಹಿರಿಯರು. ಅವಳ ಹೆಸರು ಅವನಿಗೆಲ್ಲಿ ನೆನಪಿದೆ ಎಂದಳು ಟೈಪಿಸ್ಟು. ಇನ್ನೊಂದು ಸಲ ಸೀನಿದರೆ ವಾಪಸ್ ಬಂದೀತೆಂದು ಯಾರೋ ಮೂಗಿಗೆ ನಶ್ಯವನ್ನೂ ಹಿಡಿದರು. ಸೀನು ಬಂತು, ಪಾಸ್‌ವರ್ಡ್ ಬರಲಿಲ್ಲ.

ನೆಲ ಒರೆಸುವ ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಂಗೆ ಗೊತ್ತು. ಬೆಳಿಗ್ಗೆ ನೀವು ಗಟ್ಟಿಯಾಗಿ ಹೇಳ್ಕೊಂಡೇ ಒತ್ತಿದ್ರಲ್ಲ, ಎರಡೆರಡು ಸಲ."

ಬೀಗಪ್ಪನಿಗೆ ಹೋದ ಜೀವ ಬಂದಂತಾಯಿತು. "ಅಕ್ಕಾ, ನಿಮ್ಮ ದಮ್ಮಯ್ಯ, ಏನದು ಹೇಳಿ."

ಅಕ್ಕ ಒರೆಸುಕೋಲಿನಿಂದ ಗೋಡೆ ತೋರಿಸಿದಳು. "ನೀವೇ ಕೇಳಿದ್ರೂ ಹೇಳಬಾರದು ಅಂತ ಬರೆದಿದೆ. ಆ ಕಡೆ ತಿರುಗಿ."

ಬೀಗಪ್ಪ ಗೋಡೆಗೆ ಮುಖಮಾಡಿ ನಿಂತ. ಟಕಟಕ ಹದಿನಾಲ್ಕು ಸದ್ದು. ಸರ್ವರ್ ತೆರೆದುಕೊಂಡಿತು.

ತಪಾಸಣೆಯ ಅಧಿಕಾರಿ ಆಗಲೇ ಬಂದು ಹಿಂದೆ ನಿಂತಿದ್ದರು. ಇಷ್ಟು ಅಂಗಲಾಚಿದರೂ ಬಾಯಿ ಬಿಡದ ಇಂಥವರೇ ಬೇಕು ಎಂದು ಅಕ್ಕನನ್ನು ಹೊಗಳಿದರು. ಮ್ಯಾನೇಜರು ಅಲ್ಲೇ ಅಪ್ಪಣೆ ಕೊಟ್ಟರು: ಇನ್ನು ಪಾಸ್‌ವರ್ಡ್ ಅಕ್ಕನ ಬಳಿಯೇ ಇರಲಿ. ಗೋದಾಮು ತಪ್ಪಿತಲ್ಲ ಎಂದು ಬೀಗಪ್ಪ ಹಿಗ್ಗಿ, ಎಲ್ಲರ ಕೈ ಕುಲುಕಿ, ಅಧಿಕಾರಿಯನ್ನು ಮೆಟ್ಟಿಲ ತನಕ ಬಿಟ್ಟು ಬಂದ. ಅಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಪರದೆ ಮುಚ್ಚಿಕೊಂಡಿತ್ತು.

ಅಕ್ಕ ಮೇಲಿನ ಮಹಡಿಯಲ್ಲಿದ್ದಳು. "ಇನ್ನೂ ಎರಡು ಕೋಣೆ ಬಾಕಿ ಇದೆ. ಅವಸರ ಇದ್ರೆ ನೀವೇ ಒರೆಸಿ" ಎಂದು ಕೋಲು ಕೊಟ್ಟಳು.

ಬೀಗಪ್ಪ ಎರಡೂ ಕೋಣೆ ಒರೆಸಿದ. ಅಕ್ಕ ಇಳಿದು ಬಂದಳು, ಅವನನ್ನು ಗೋಡೆಗೆ ತಿರುಗಿಸಿದಳು, ಒತ್ತಿದಳು, ಹೊರಟಳು. ಸೊಂಟ ಹಿಡಿದುಕೊಂಡಿದ್ದ ಬೀಗಪ್ಪ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಸ್ವಲ್ಪ ಸುಧಾರಿಸಿಕೊಂಡ.

ಸರಿಯಾಗಿ ಹತ್ತು ನಿಮಿಷ.