ಡಿಕಾಕ್ಷನ್ ಬಾಗಿಲು, ಪಾಯಸದ ಗೋಡೆ

ಗೋಡೆಗೆ ಬಣ್ಣ ಆರಿಸುವುದು ಗಂಡ-ಹೆಂಡತಿಯ ಖಾಸಗಿ ವಿಷಯ ಅಂದುಕೊಂಡವರು ರಾಟರ್‌ಡ್ಯಾಮ್ ಪಕ್ಕದ ಊರು ಕಾಪೆಲ್ಲೆಯ ನನ್ನ ಪೇಂಟ್ ಅಂಗಡಿಗೆ ಒಂದು ಶನಿವಾರ ಬಂದು ನಿಲ್ಲಬೇಕು. ಡಬ್ಬ ಕೊಳ್ಳಲು ಬರುವವರು ಇಬ್ಬರೇ. ಫೋನಿನೊಳಗೆ ಕಲ್ಯಾಣಮಂಟಪ ತುಂಬುವಷ್ಟು ಜನ. ಚಿಕ್ಕಪೇಟೆಯಲ್ಲಿ ಅಂಗಡಿ ಇದ್ದಾಗ ಅವರೆಲ್ಲ ಖುದ್ದಾಗಿ ಬರುತ್ತಿದ್ದರು, ಕಾಫಿ ತರಿಸಬೇಕಾಗುತ್ತಿತ್ತು. ಇಲ್ಲಿ ಆ ಖರ್ಚು ಉಳಿದಿದೆ.

ಷರತ್ತು

ಬೆಂಗಳೂರಿನ ಐಟಿ ಜೋಡಿಯೊಂದು ರಾಟರ್‌ಡ್ಯಾಮಿನಲ್ಲಿ ಹಳೇ ಮನೆ ಕೊಂಡಿತು. ಎರಡು ಕೋಣೆಗಳ ನಡುವೆ ಕಪ್ಪು ಮರದ ಜಾರುಬಾಗಿಲು, ಗೋಡೆಗೆ ಸೊಂಟದೆತ್ತರ ಮರದ ಹಲಗೆ, ಮೇಲೆ ತೊಲೆಗಳು. ಹೆಂಡತಿ ಮನೆ ಒಪ್ಪಿದ್ದೇ ಆ ಮರ ನೋಡಿ.

ಗಂಡನ ತಾಯಿ ಮೈಸೂರಿನಿಂದ ವಿಡಿಯೋದಲ್ಲಿ ನೋಡಿದರು. "ಏನೋ ಇದು, ಮನೇನ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದ ಹಾಗಿದೆ! ಗೃಹಪ್ರವೇಶಕ್ಕೆ ನಾನು ಬರೋದರೊಳಗೆ ಬೆಳಕಾಗಬೇಕು. ಗೋಡೆಯಿಂದ ಆದರೆ ಸರಿ. ಇಲ್ಲಾಂದ್ರೆ ಆ ಮರಕ್ಕೆಲ್ಲ ಬಿಳಿ ಹೊಡೆಸಿಬಿಡು."

ಸೊಸೆ ಹುಡುಗಿ ಅಂಗಡಿಗೆ ಓಡಿಬಂದಳು. "ಅಂಕಲ್, ಆ ಮರದ ಮೇಲೆ ಒಂದು ಹನಿ ಪೇಂಟ್ ಬೀಳಬಾರದು. ಏನಾದ್ರೂ ಮಾಡಿ."

"ಮಾಡೋಣಮ್ಮ" ಅಂದೆ. ನನಗೇನು, ಗೋಡೆಯ ಪೇಂಟೂ ಇದೆ, ಮರದ ಪೇಂಟೂ ಇದೆ.

ಬಿಳಿ

ಗಂಡನದು ಇಂಜಿನಿಯರ್ ತಲೆ. "ಸಿಂಪಲ್ ಅಂಕಲ್. ಮರ ಡಾರ್ಕ್, ಗೋಡೆ ಪ್ಯೂರ್ ವೈಟ್. ಫುಲ್ ಬೆಳಕು."

"ಅಚ್ಚ ಬಿಳಿ ಪಕ್ಕದಲ್ಲಿ ಮರ ಇನ್ನೂ ಕಪ್ಪಗೆ ಕಾಣುತ್ತಪ್ಪ. ಸ್ವಲ್ಪ ಕೆನೆ ಬಣ್ಣ ಬೆರೆಸ್ತೀನಿ" ಅಂದೆ. ಖರ್ಚಾಗದ ಮಾಲು ತಲೆಗೆ ಕಟ್ಟುತ್ತಿದ್ದೇನೆ ಅನ್ನುವ ಹಾಗೆ ನಕ್ಕ. ಅಚ್ಚ ಬಿಳಿಯನ್ನೇ ಹೊಡೆದು ತಾಯಿಗೆ ತೋರಿಸಿದ.

"ಹಾಲಿನ ಪಾತ್ರೆಗೆ ಜಿರಳೆ ಬಿದ್ದ ಹಾಗಿದೆ" ಅಂದರು ಅವರು.

ಮರುವಾರ ಅಂಗಡಿಗೆ ಬಂದವನೇ ಮೆಲ್ಲಗೆ ಕೇಳಿದ: "ಅಂಕಲ್, ಜಿರಳೆ ಕಾಣದ ಹಾಗಿರೋ ಶೇಡ್ ಯಾವುದಿದೆ?"

ಹಳದಿ

ನಡುವೆ ವಾಸ್ತು ಬಲ್ಲ ಸೋದರಮಾವ ಒಬ್ಬರು ಫೋನಿನೊಳಗೆ ಹಾಜರಾದರು. ಹಳದಿ ಹೊಡೆದರೆ ಕತ್ತಲೆ ಓಡುತ್ತದಂತೆ. ನಾನು ತಡೆಯಲಿಲ್ಲ, ಗಿರಾಕಿಯ ಸೋದರಮಾವನ ಜೊತೆ ವಾದ ಮಾಡಿ ಯಾವ ವ್ಯಾಪಾರಿಯೂ ಉದ್ಧಾರ ಆಗಿಲ್ಲ.

ಇಲ್ಲಿಯವರು ಕಿಟಕಿಗೆ ಪರದೆ ಹಾಕುವುದಿಲ್ಲ, ಇವರೂ ಹಾಕಿರಲಿಲ್ಲ. ಸಂಜೆ ದೀಪ ಹಚ್ಚಿದರೆ ಅರಿಸಿನದ ಗೋಡೆ, ಕಪ್ಪು ಮರ, ಎಲ್ಲ ಬೀದಿಗೆ ಪ್ರದರ್ಶನ. ಪಕ್ಕದ ಮನೆಯ ಡಚ್ ಮುದುಕ ಬೆಲ್ ಒತ್ತಿ, ಮುಖಕ್ಕೆ ಹೊಡೆದ ಹಾಗೆ ಕೇಳಿದ: "ರೆಸ್ಟೋರೆಂಟ್ ಯಾವಾಗ ಶುರು? ಪಾರ್ಸೆಲ್ ಕೊಡ್ತೀರಾ?"

ಹುಡುಗಿಗೆ ರೋಸಿಹೋಗಿತ್ತು. "ಸೋಮವಾರ ರಜೆ" ಅಂದು ಬಾಗಿಲು ಹಾಕಿಕೊಂಡಳು.

ಸ್ವೆಟರ್

ಅತ್ತೆಯ ಟಿಕೆಟ್ ಬುಕ್ ಆಯಿತು. ಗಂಡ ಮರಕ್ಕೆ ಹೊಡೆಯುವ ಬಿಳಿಯ ರೇಟು ಕೇಳತೊಡಗಿದ. ಹುಡುಗಿಯ ಮುಖ ನೋಡಲಾರದೆ ನಾನೇ ಬಣ್ಣದ ಮಾದರಿ ಹಲಗೆಗಳನ್ನು ಹೊತ್ತು ಅವರ ಮನೆಗೆ ಹೋದೆ. ಗಂಡ ತಾಯಿಗೆ ವಿಡಿಯೋ ಕಾಲ್ ಮಾಡಿ ಫೋನ್ ಹಿಡಿದ, ನಾನು ಜಾರುಬಾಗಿಲ ಪಕ್ಕ ನಿಂತು ಹಲಗೆಗಳನ್ನು ಎದೆಗೊತ್ತಿಕೊಂಡು ಒಂದೊಂದಾಗಿ ತೋರಿಸಿದೆ.

"ಬೇಡ... ಬೇಡ... ಥೂ, ಇದು ಆಸ್ಪತ್ರೆ... ಹಾಂ! ಅದು! ಆ ಬಾಗಿಲಿಗೆ ಅದೇ ಸರಿ!"

"ಯಾವುದಮ್ಮ? ಅಂಕಲ್ ಎಲ್ಲಾ ಹಲಗೆ ಕೆಳಗಿಟ್ಟಿದ್ದಾರೆ."

"ಅದೇ ಕಣೋ, ಅವರು ಹಾಕ್ಕೊಂಡಿರೋದು!"

ನನ್ನ ಹಳೇ ಸ್ವೆಟರ್. ಬೆಲ್ಲ ಹಾಕಿದ ಗಸಗಸೆ ಪಾಯಸದ ಬಣ್ಣ.

"ಅಂಕಲ್, ಬಿಚ್ಚಿ!" ಅಂದಳು ಹುಡುಗಿ. ಅಂಗಡಿಯಲ್ಲಿ ಬಣ್ಣ ಓದುವ ಯಂತ್ರದ ಕೆಳಗೆ ಅದನ್ನೇ ಇಟ್ಟು, ಅದೇ ಬಣ್ಣ ಕಲಸಿಕೊಟ್ಟೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಮೈಮೇಲಿನ ಮಾಲು ಮಾರಿದ್ದು ಅದೇ ಮೊದಲು.

ಗೃಹಪ್ರವೇಶ

ನನಗೂ ಕರೆ ಬಂತು. ಚಳಿ ಜೋರಾಗಿತ್ತು, ಅದೇ ಸ್ವೆಟರ್ ಹಾಕಿಕೊಂಡು ಹೋದೆ. ಅತ್ತೆ ಬಲಗಾಲಿಟ್ಟು ಒಳಗೆ ಬಂದರು. ಆರತಿ ತಟ್ಟೆ ಹಿಡಿದ ಸೊಸೆ ಅವರ ಕಣ್ಣು ಹೋದ ಕಡೆಯೇ ನೋಡುತ್ತಿದ್ದಳು. ಅವರು ಗೋಡೆ ನೋಡಿದರು, ತೊಲೆ ನೋಡಿದರು, ಜಾರುಬಾಗಿಲನ್ನು ಸವರಿದರು.

"ಒಳ್ಳೇ ಮರ ಕಣೇ. ಇದಕ್ಕೆ ಬಿಳಿ ಹೊಡೀಬೇಕು ಅಂತ ಯಾರು ಹೇಳಿದ್ದು?"

ಗಂಡ ಮೇಲಿನ ತೊಲೆ ಎಣಿಸತೊಡಗಿದ. ಸೊಸೆ ಧಾರಾಳವಾಗಿ ಹೋಳಿಗೆ ಬಡಿಸಿದಳು.

ಆಮೇಲೆ ಫೋಟೋ. ನಾನು ಹಿಂದೆ ಗೋಡೆಗೊರಗಿ, ಕೈ ಹಿಂದೆ ಕಟ್ಟಿ ನಿಂತೆ. ಫೋಟೋ ಮೈಸೂರಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅತ್ತೆಯ ತಂಗಿಯ ಧ್ವನಿಸಂದೇಶ ಬಂತು. ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹಾಕಿದರು.

"ಅಕ್ಕಾ, ಗೋಡೆ ಬಣ್ಣ ಬಹಳ ಲಕ್ಷಣವಾಗಿದೆ. ಆದ್ರೆ ಆ ದೃಷ್ಟಿಬೊಂಬೆ ತಲೇನ ಒಳಗ್ಯಾಕೆ ನೇತುಹಾಕಿದ್ದೀರಿ? ಅದನ್ನ ಮನೆ ಹೊರಗೆ ಕಟ್ಟಬೇಕು!"