ದೊಡ್ಡಮ್ಮನ ಸೀನು

ಒಂದು ಸೀನು. ಅದೊಂದನ್ನು ತಡೆದುಕೊಂಡಿದ್ದರೆ ಬಕೆಟ್‌ನ ಆ ದಿನ ಹೂವಿನ ಸರ ಎತ್ತಿದಷ್ಟು ಸಲೀಸಾಗಿ ಕಳೆದುಹೋಗುತ್ತಿತ್ತು.

ಬಕೆಟ್ ಅಂದರೆ ಮನುಷ್ಯನೇ. ಡಾಲ್ಫಿನ್ ಕೊಳದಲ್ಲಿ ಒಂಬತ್ತು ವರ್ಷದಿಂದ ಮೀನು ಕತ್ತರಿಸಿ, ಬಕೆಟ್ಟಿಗೆ ತುಂಬಿ, ಹೊತ್ತು ಹೊತ್ತು ಅವನ ಎಡಭುಜ ಬಲಕ್ಕಿಂತ ಎರಡಂಗುಲ ಕೆಳಗಿಳಿದಿತ್ತು. ಹೆಂಡತಿ ಕೂಡ ಕೊಳಕ್ಕೆ ಫೋನ್ ಮಾಡಿದರೆ "ಬಕೆಟ್ ಇದ್ದಾರಾ?" ಎಂದೇ ಕೇಳುತ್ತಿದ್ದಳು. ಈಗ ಹಳೆಯ ತರಬೇತುದಾರ ನಿವೃತ್ತನಾಗಿದ್ದ. ಡಾಲ್ಫಿನ್ನಿಗೆ ಡಾಕ್ಟರಮ್ಮ ಮಾಡುವ ತಪಾಸಣೆ ಇವತ್ತು ಸರಿಯಾಗಿ ಮುಗಿದರೆ, ಸಂಜೆಯ ಶೋನಲ್ಲಿ ತರಬೇತುದಾರನ ಸೀಟಿ ಬಕೆಟ್‌ನ ಕೊರಳಿಗೆ ಬೀಳುವುದಿತ್ತು.

ಆದರೆ ಗೇಟಿನಲ್ಲಿ ಒಂದು ಬೋರ್ಡಿತ್ತು: "ಸೀನುವವರು ಇಪ್ಪತ್ತೊಂದು ದಿನ ಕೊಳದ ಹತ್ತಿರ ಸುಳಿಯಕೂಡದು." ಬಕೆಟ್‌ಗೆ ನಾಲ್ಕು ದಿನದಿಂದ ಸೀನು. ಮೀನಿನ ಕೋಣೆಯಲ್ಲಿ ಶುರುವಾಗಿ ಕೊಳದ ದಡದಲ್ಲೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಯಾರೂ ಬರುವ ಮೊದಲು ಬಂದು ಕದ್ದುಮುಚ್ಚಿ ಸೀನಿಕೊಳ್ಳುತ್ತಿದ್ದ. ಸೀನಿದ ರಭಸಕ್ಕೆ ಕೈಯಲ್ಲಿದ್ದ ಮೀನು ಹಾರಿ ನೀರಿಗೆ ಬೀಳುತ್ತಿತ್ತು. ಕೊಳದ ಡಾಲ್ಫಿನ್, ಎಲ್ಲರೂ ಪ್ರೀತಿಯಿಂದ ದೊಡ್ಡಮ್ಮ ಎನ್ನುವ ಆ ಹಿರಿಯ ಜೀವ, ಗಬಕ್ಕನೆ ನುಂಗಿ ಇನ್ನೊಂದಕ್ಕೆ ಬಾಯಿ ತೆರೆಯುತ್ತಿದ್ದಳು.

"ಏನೋ ಬಕೆಟ್ಟು, ಮೂಗು ಟೊಮೇಟೊ ಥರ ಆಗಿದೆ?" ಗೇಟಿನ ತಾತ ಕಣ್ಣು ಕಿರಿದು ಮಾಡಿ ಕೇಳಿದರು.

"ಬಿಸಿಲು ತಾತ."

"ಆರು ಗಂಟೆಗೇ ಬಿಸಿಲಾ?"

ಟಿಕೆಟ್ ಕೌಂಟರಿನ ಅಕ್ಕ ಕಿಂಡಿಯಿಂದಲೇ ತಲೆ ಹಾಕಿದಳು. ಅವಳ ಕಿವಿಗೆ ಬಿದ್ದ ಮಾತು ಊರು ಸುತ್ತಿಯೇ ನಿಲ್ಲುವುದು. "ಅಯ್ಯೋ, ನೆಗಡಿನಾ? ಮೆಣಸಿನ ಪುಡಿ ಇದೆ ಕಣೋ ನನ್ನ ಹತ್ರ, ಬಿಸಿನೀರಿಗೆ ಹಾಕ್ಕೊಂಡು ಕುಡಿ!"

"ಮೆಲ್ಲಗೆ ಅಕ್ಕಾ! ನನಗೆ ಏನೂ ಆಗಿಲ್ಲ!" ಬಕೆಟ್ ಮೂಗು ಹಿಡಿದುಕೊಂಡು ಓಡಿದ.

ಒಂಬತ್ತಕ್ಕೆ ಡಾಕ್ಟರಮ್ಮ ಬಂದರು. ಕ್ರಮ ಇಷ್ಟೇ: ದೊಡ್ಡಮ್ಮ ದಡಕ್ಕೆ ಬರಬೇಕು, ನೆತ್ತಿಯ ಮೇಲಿನ ಉಸಿರಿನ ತೂತಿಗೆ ಒಂದು ಗಾಜಿನ ತಟ್ಟೆ ಹಿಡಿಯಬೇಕು, ಅವಳು ಉಫ್ ಎಂದರೆ ಉಸಿರಿನ ಮಾದರಿ ಸಿಕ್ಕಿತು. ಬಕೆಟ್ ತಟ್ಟೆ ಹಿಡಿದ. ದೊಡ್ಡಮ್ಮ ಅವನ ಮೂಗನ್ನೇ ದಿಟ್ಟಿಸಿದಳು. ಆಮೇಲೆ ತಲೆ ಎತ್ತಿ, "ಹ್ಹ... ಹ್ಹ... ಹಾಕ್ಷೀ!" ಎಂದುಬಿಟ್ಟಳು.

ಡಾಕ್ಟರಮ್ಮನ ಕೈಯಿಂದ ಪೆನ್ನು ಬಿತ್ತು.

"ಇದೇನಿದು? ಸೀನಿದ್ಲಾ?"

"ಹಾಕ್ಷೀ!" ದೊಡ್ಡಮ್ಮ ಮತ್ತೆ ಸೀನಿ ಬಾಯಿ ತೆರೆದಳು.

"ಎಲ್ಲರೂ ಹಿಂದಕ್ಕೆ! ಗೇಟ್ ಮುಚ್ಚಿ!" ಡಾಕ್ಟರಮ್ಮ ಕೂಗಿದರು. "ಇವೂ ನಮ್ಮ ಹಾಗೆ ಗಾಳಿ ಉಸಿರಾಡೋ ಪ್ರಾಣಿ ಕಣ್ರೀ! ಶ್ವಾಸಕೋಶಕ್ಕೆ ವೈರಸ್ ಇಳಿದ್ರೆ ನ್ಯುಮೋನಿಯಾ ಆಗಿ ಜೀವಕ್ಕೇ ಕುತ್ತು ಬರುತ್ತೆ. ಯಾರಿಂದ ಹತ್ತಿತು ಇದಕ್ಕೆ?"

ಕೊಳದ ತುಂಬ ಓಡಾಟವೋ ಓಡಾಟ. ಒಬ್ಬ ಪಂಪು ನಿಲ್ಲಿಸಿದ, ಇನ್ನೊಬ್ಬ ಚಾಲೂ ಮಾಡಿದ. ಟಿಕೆಟ್ ಅಕ್ಕ ಎರಡು ಮಾಸ್ಕು ಒಂದರ ಮೇಲೊಂದು ಹಾಕಿಕೊಂಡು, ಏನಾಯಿತೆಂದು ನೋಡಲು ಎಲ್ಲರಿಗಿಂತ ಮುಂದೆ ಬಂದು ನಿಂತಳು. ತಾತ ಗೇಟಿಗೆ ಬೀಗ ಜಡಿದು ಕೀಲಿಕೈಯನ್ನು ಹೊರಗೇ ಬೀಳಿಸಿಕೊಂಡರು.

ಬಕೆಟ್ ತಟ್ಟೆ ಕೆಳಗಿಟ್ಟು ಮುಂದೆ ಬಂದ. ತನ್ನಿಂದಲೇ! ಒಂಬತ್ತು ವರ್ಷ ತನ್ನ ಕೈಯಿಂದ ತಿಂದ ಜೀವ! ಸೀಟಿಯ ಮನೆ ಹಾಳಾಗಲಿ, ದೊಡ್ಡಮ್ಮ ಬದುಕಿದರೆ ಸಾಕು ಅನ್ನಿಸಿ ಅವನಿಗೆ ಅಳುವೇ ಬಂತು.

"ನನ್ನಿಂದ ಡಾಕ್ಟರಮ್ಮ, ನಾಲ್ಕು ದಿನದಿಂದ ಸೀನ್ತಾ ಇದ್ದೀನಿ. ಮುಚ್ಚಿಟ್ಟೆ. ನನ್ನ ಕೆಲಸದಿಂದ ತೆಗೀರಿ, ಅವಳನ್ನ ಉಳಿಸಿ!"

ಡಾಕ್ಟರಮ್ಮ ಅವನ ಮೂಗಿನೊಳಗೆ ಕಡ್ಡಿ ತೂರಿಸಿದರು, ತಟ್ಟೆಯಲ್ಲಿದ್ದ ದೊಡ್ಡಮ್ಮನ ಉಸಿರಿನ ಮಾದರಿಯನ್ನೂ ಪರೀಕ್ಷೆಗೆ ಇಟ್ಟರು. ಅರ್ಧ ಗಂಟೆ ಎಲ್ಲರೂ ಅಲ್ಲೇ ಕಾದರು. ಕೊನೆಗೆ ಅವರು ಎರಡು ಪರೀಕ್ಷೆಯ ಪಟ್ಟಿಗಳನ್ನೂ ಬೆಳಕಿಗೆ ಹಿಡಿದು ನೋಡಿದರು.

"ಅವಳಿಗೂ ಏನಿಲ್ಲ, ನಿನಗೂ ಏನಿಲ್ಲ. ಮೀನಿನ ಕೋಣೇಲಿ ಹೊಸದಾಗಿ ಏನಿಟ್ಟಿದ್ದೀರಿ?"

"ಬ್ಲೀಚಿಂಗ್ ಪುಡಿ ಮೂಟೆ. ನಾಲ್ಕು ದಿನ ಆಯ್ತು."

"ಅದರ ಘಾಟು ಕಣಯ್ಯಾ ನಿನಗೆ! ಮತ್ತೆ ಇವಳು ಯಾಕೆ... ಸೀನಿದಾಗ ಇವಳಿಗೆ ಏನು ಕೊಡ್ತಿದ್ದೆ?"

"ಕೊಡ್ತಿರಲಿಲ್ಲ. ಮೀನು ತಾನಾಗೇ ಬೀಳ್ತಿತ್ತು."

ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನು ಸೀನಿದ್ರೆ ಮೀನು ಬರುತ್ತೆ, ತಾನೂ ಸೀನಿದ್ರೆ ಇನ್ನೊಂದು ಬರುತ್ತೆ ಅಂತ ಕಲಿತುಬಿಟ್ಟಿದ್ದಾಳೆ, ಕಳ್ಳಿ!" ಆಮೇಲೆ ಮುಖ ಗಂಟು ಹಾಕಿದರು. "ಮುಚ್ಚಿಟ್ಟಿದ್ದು ತಪ್ಪು. ಈ ಒಂದು ಸಲ ಬಿಟ್ಟಿದ್ದೀನಿ. ಮೂಟೆ ಹೊರಗೆ ಹಾಕಿಸ್ತೀನಿ. ಇನ್ನು ಕೊಳದ ಹತ್ರ ಒಂದೇ ಒಂದು ಸೀನು ಸೀನಿದ್ರೂ ಕಾರಣ ಕೇಳಲ್ಲ, ಇಪ್ಪತ್ತೊಂದು ದಿನ ಹೊರಗೆ!"

"ಅಮ್ಮನಾಣೆ ಸೀನಲ್ಲ!" ಬಕೆಟ್ ಗಂಟಲು ಮುಟ್ಟಿಕೊಂಡು ಆಣೆ ಇಟ್ಟ.

ಅವರು ಅತ್ತ ಹೋಗುತ್ತಲೇ ಮ್ಯಾನೇಜರ್ ಇತ್ತ ಓಡಿ ಬಂದರು. "ಭಲೇ ಬಕೆಟ್! ಹತ್ತು ವರ್ಷದಿಂದ ಒಂದು ಹೊಸ ಆಟ ಇರಲಿಲ್ಲ, ನೀನು ನಾಲ್ಕೇ ದಿನದಲ್ಲಿ ಸೀನೋದು ಕಲಿಸಿದ್ದೀಯ! ಇವತ್ತು ಸಂಜೆ ಅದೇ ಆಟ!" ಎಂದು ಸೀಟಿಯನ್ನು ಅವನ ಕೊರಳಿಗೆ ಹಾಕಿಯೇಬಿಟ್ಟರು.

ಸಂಜೆ ಗ್ಯಾಲರಿ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲೇ ಡಾಕ್ಟರಮ್ಮ. ಬಕೆಟ್ ಸೀಟಿ ಊದಿದ. ದೊಡ್ಡಮ್ಮ ಅವನ ಮೂಗು ನೋಡಿದಳು. ಮತ್ತೆ ಊದಿದ. ಮೂಗನ್ನೇ ನೋಡಿದಳು. ಬಾಯಲ್ಲಿ ಸುಮ್ಮನೆ "ಹಾಕ್ಷಿ" ಎಂದು ನೋಡಿದ. ಅವಳು ಬಾಲ ತೋರಿಸಿ ಹೊರಳಿಕೊಂಡಳು. ಸುಳ್ಳು ಸೀನಿಗೆ ಸೊಪ್ಪು ಹಾಕುವವಳಲ್ಲ.

"ದುಡ್ಡು ವಾಪಸ್ ಕೊಡಿ!" ಎಂದು ಗ್ಯಾಲರಿಯಿಂದ ಕೂಗು ಬಂತು. ಮ್ಯಾನೇಜರ್ ಪರದೆಯ ಹಿಂದಿನಿಂದ ಹಲ್ಲು ಕಡಿದರು. "ಸೀನೋ! ಇಲ್ಲಾಂದ್ರೆ ಸೀಟಿ ಬಿಚ್ಚು!"

ಆಗ ಯಾರೋ ಅವನ ಕೈಗೆ ಒಂದು ಪೊಟ್ಟಣ ತುರುಕಿದರು. ತಿರುಗಿ ನೋಡಿದರೆ ಟಿಕೆಟ್ ಅಕ್ಕ. "ಮೆಣಸಿನ ಪುಡಿ ಕಣೋ. ಒಂದು ಚಿಟಿಕೆ ಸಾಕು."

ಬಕೆಟ್ ಡಾಕ್ಟರಮ್ಮನನ್ನು ನೋಡಿದ, ಮ್ಯಾನೇಜರನ್ನು ನೋಡಿದ. ಕಣ್ಣು ಮುಚ್ಚಿ ಪೊಟ್ಟಣವನ್ನೇ ಮೂಗಿಗೆ ಹಿಡಿದ.

ಹದಿನೇಳು ಸೀನು! ದೊಡ್ಡಮ್ಮನೂ ಒಂದಕ್ಕೊಂದು ಲೆಕ್ಕ ತೀರಿಸಿದಳು. ಗ್ಯಾಲರಿ ಎದ್ದು ನಿಂತು ಕೇಕೆ ಹಾಕಿತು, ಮಕ್ಕಳು ಕುಣಿದವು. ಒಂಬತ್ತು ವರ್ಷದಲ್ಲಿ ಮೊದಲ ಸಲ ಜನ ಬಕೆಟ್‌ಗೆ ಚಪ್ಪಾಳೆ ತಟ್ಟಿದರು. ಅವನು ಕಣ್ಣು ಮೂಗು ಸುರಿಸಿಕೊಂಡು ಆನಂದದಿಂದ ಕೈ ಮುಗಿದ. ಚಪ್ಪಾಳೆ ನಿಂತಾಗ ಎದುರಿಗೆ ಡಾಕ್ಟರಮ್ಮ ನಿಂತಿದ್ದರು.

ಐದು ನಿಮಿಷದಲ್ಲಿ ಬಕೆಟ್ ಗೇಟಿನ ಹೊರಗಿದ್ದ. ತಾತ ಅವನ ಕೊರಳಿಂದ ಸೀಟಿ ಬಿಚ್ಚಿ ಮೊಳೆಗೆ ನೇತು ಹಾಕಿದರು.

"ಬೇಜಾರ್ ಮಾಡ್ಕೋಬೇಡ ಮಗಾ. ಇಪ್ಪತ್ತೊಂದು ದಿನ ಎಷ್ಟೊತ್ತು? ಕೆಲಸ ನಿನ್ನದೇ ಅಂತ ಮ್ಯಾನೇಜರ್ ಹೇಳಿದ್ದಾರೆ. ಆಗಲೇ ಪೋಸ್ಟರ್ರೂ ಮಾಡಿಸ್ತಿದ್ದಾರೆ."

ಬಕೆಟ್‌ಗೆ ಹೋದ ಜೀವ ಬಂದಂತಾಯಿತು. "ಹೌದಾ ತಾತ? ಬಂದ ದಿನವೇ ಶೋ ಇದೆಯಾ? ಏನು ಮಾಡಬೇಕಂತೆ?"

"ಇನ್ನೇನು," ಎಂದರು ತಾತ, ಬೋರ್ಡಿನ ಧೂಳು ಒರೆಸುತ್ತ, "ಸೀನಬೇಕಂತೆ."